ಅರ್ಧದ ಅರ್ಧ

ಮೂರನೇ ಮಹಡಿ. ಲಿಫ್ಟಿಲ್ಲ. ಕೆಳಗೆ ಸಾಬೂನಿನ ಅಂಗಡಿ,
ಹಾಗಾಗಿ ಮೆಟ್ಟಿಲುದ್ದಕ್ಕೂ ಆಲಿವ್ ಎಣ್ಣೆಯ ವಾಸನೆ.
ವರ್ಷಕ್ಕೆರಡು ಸಲ ಹತ್ತುತ್ತೇನೆ, ಚರ್ಮದ ಚೀಲದಲ್ಲಿ
ಕೀಲಿ, ರಬ್ಬರಿನ ಬೆಣೆ, ಒಂದು ಕವಲುಕಡ್ಡಿ.
ಮಾರ್ಸೇ ಊರಿನಲ್ಲಿ ನನ್ನ ಕಸುಬು ಇಷ್ಟೇ:
ಸಮುದ್ರದ ಗಾಳಿ ಸಡಿಲಿಸಿದ್ದನ್ನು
ಮತ್ತೆ ಬಿಗಿ ಮಾಡುವುದು.

ನವೆಂಬರಿನಲ್ಲಿ ಮುನೀರಾ ನಹ್ಹಾಸ್ ಹೇಳಿದರು
(ನಹ್ಹಾಸ್ ಅಂದರೆ ತಾಮ್ರ ಬಡಿಯುವವ. ಅಲೆಪ್ಪೋದಲ್ಲಿ ಅವರಜ್ಜ
ಹಂಡೆ ಬಡಿಯುತ್ತಿದ್ದದ್ದು ನಿಜ; ತಾಳಕ್ಕಲ್ಲ, ರೊಟ್ಟಿಗೆ):
"ಏಳು ಮಿಗಳಿವೆಯಲ್ಲ ಈ ಪಿಯಾನೋದಲ್ಲಿ,
ಏಳನ್ನೂ ಇಳಿಸು."
ಎಷ್ಟು?
"ಅರ್ಧದ ಅರ್ಧ."

ಮದಾಂ, ಅದು ತಪ್ಪು ಸ್ವರ, ಎಂದೆ.
ಮೂವತ್ತೊಂದು ವರ್ಷ ನಾನು ತಿದ್ದಿ ತಿದ್ದಿ
ಹೊಟ್ಟೆ ಹೊರೆದದ್ದು ಅದರ ಮೇಲೆಯೇ.
ಅವರು ಉತ್ತರ ಕೊಡಲಿಲ್ಲ. ಗೋಡೆಯಿಂದ ಊದ್ ಇಳಿಸಿ
ಮೆಟ್ಟುಗಳಿಲ್ಲದ ಅದರ ಕೊರಳ ಮೇಲೆ ಬೆರಳಿಟ್ಟರು.

ಬಿಳಿ ಮನೆಗೂ ಕರಿ ಮನೆಗೂ ನಡುವೆ
ಇರುವುದು ಗೋಡೆ ಎಂದುಕೊಂಡಿದ್ದೆ.
ಅಲ್ಲಿ ಯಾರೋ ಸಂಸಾರ ಹೂಡಿದ್ದರು.
ದೀಪ ಹಚ್ಚಿತ್ತು.

ಇಳಿಸಿದೆ. ಇಪ್ಪತ್ತು ತಂತಿ.
ಕಿಟಕಿ ಮುಚ್ಚಿಸಿ, ಹಲ್ಲು ಕಚ್ಚಿ,
ಬಂದರಿನಲ್ಲಿ ಕಳ್ಳಮಾಲು ಇಳಿಸುವವನ ಹಾಗೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾಠ ಶುರುವಾಗಿತ್ತು.
ಊಟದ ಮೇಜಿನ ಮೇಲೆ ಗುಚಿನ್, ಏಳು ತಂತಿಯದು,
ಪಕ್ಕದಲ್ಲಿ ಚೀನೀ ಅಕ್ಷರಗಳ ಹಳೆಯ ಪುಸ್ತಕ.
ಅದರಲ್ಲಿ ಎಲ್ಲ ಇದೆಯಂತೆ: ಯಾವ ತಂತಿ, ಯಾವ ಬೆರಳು,
ಉಗುರಿನಿಂದಲೋ ಮಾಂಸದಿಂದಲೋ.
ಎಷ್ಟು ಹೊತ್ತು ಎಂಬುದೊಂದೇ ಇಲ್ಲ.

ಎಷ್ಟು ಹೊತ್ತು ಮತ್ತೆ? ಎಂದಳು ಶು ಮಾನ್‌ಲಿಂಗ್,
ಹತ್ತು ವರ್ಷದವಳು, ಎದುರು ಬೀದಿಯ ದರ್ಜಿಯ ಮಗಳು.

"ಚೆಂಗ್ಡುವಿನಲ್ಲಿ ನಾನೂ ಕೇಳಿದ್ದೆ, ನನ್ನ ಗುರು ಔಯಾಂಗ್ ಅವರನ್ನು.
ಅವರು ಎದ್ದು ಚಹಾಕ್ಕೆ ನೀರಿಡಲು ಹೋದರು.
ಕುಡಿದು ಬಂದು ಕೇಳಿದರು: ಮುಗಿಯಿತೇ?"

ಹುಡುಗಿಯ ಹೆಬ್ಬೆರಳು ಜಾರಿತು.
ಸ್ವಲ್ಪ ದೂರ ಸದ್ದು ಜೊತೆಗಿತ್ತು,
ಆಮೇಲೆ ತಂತಿಯ ಮೇಲೆ ಚರ್ಮದ ಸರಸರ,
ಆಮೇಲೆ ಅದೂ ಇಲ್ಲ.
ಬೆರಳು ಇನ್ನೂ ಹೋಗುತ್ತಿತ್ತು.
ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ ನಾನು,
ಕೆಮ್ಮು ಬಂದರೂ ನುಂಗಿಕೊಂಡು.

ಮೆಟ್ರೊನೋಮನ್ನು ಅವರು ಬಾಗಿಲಿಗೆ ಅಡ್ಡ ಇಟ್ಟಿದ್ದಾರೆ,
ಗಾಳಿಗೆ ಬಡಿದುಕೊಳ್ಳದಿರಲಿ ಎಂದು.
ಹಾಗೆಂದು ನಮ್ಮ ಸಂಗೀತ ಅವರಿಗೆ ಹಗುರವಲ್ಲ.
ಗುರುವಾರ ಸಂಜೆ ನಾಲ್ವರು ಬರುತ್ತಾರೆ ಪಿಟೀಲು, ಚೆಲ್ಲೋ ಹಿಡಿದು.
ಚೆಲ್ಲೋ ತಾಜಿದ್ದೀನನದು, ಕೊಮೊರೋಸ್‌ನವನು,
ನಿವೃತ್ತ ಟ್ರಾಮ್ ಚಾಲಕ; ಇಂದಿಗೂ ತಿರುವಿನಲ್ಲಿ ನಿಧಾನಿಸುತ್ತಾನೆ.
"ನಾಲ್ಕು ಜನ ಒಟ್ಟಿಗೇ ಮಾತಾಡುತ್ತಾರೆ ನೋಡು,
ನಾಲ್ಕು ಬೇರೆ ಬೇರೆ ಮಾತು, ಜಗಳವಿಲ್ಲ.
ನಮ್ಮ ಮನೆಯಲ್ಲಿ ಒಂದು ದಿನವೂ ಹೀಗಾಗಲಿಲ್ಲ,"
ಎಂದು ಒಮ್ಮೆ ಕಣ್ಣೊರೆಸಿಕೊಂಡರು.
ಈರುಳ್ಳಿ ಹೆಚ್ಚುತ್ತಿದ್ದರು. ಅದೂ ಇರಬಹುದು.

ಏಪ್ರಿಲಿನಲ್ಲಿ ಫೋನು. "ಏರಿಸು ಎಲ್ಲವನ್ನೂ.
ಮಾನ್‌ಲಿಂಗ್‌ಗೆ ಪಿಯಾನೋ ಪರೀಕ್ಷೆ.
ಕೇಳುವವರ ಕಿವಿಯಲ್ಲಿ ಹನ್ನೆರಡೇ ಕೋಣೆ."

ಗೆದ್ದೆನಲ್ಲ ಎನಿಸಬೇಕಿತ್ತು.
ಒಂದು, ಎರಡು, ಮೂರು ಏರಿಸಿದೆ.
ನಾಲ್ಕನೆಯದು ಏರುವಾಗ ಏನೋ ಮನೆ ಖಾಲಿ ಮಾಡಿಸಿದಂತೆ,
ಪಾತ್ರೆ ಪಗಡಿ ಬೀದಿಗಿಟ್ಟಂತೆ.
ಐದು. ಆರು.
ಏಳನೆಯದು ತೀರಾ ಕೆಳಗಿನ ಮಿ,
ತಾಮ್ರ ಸುತ್ತಿದ ದಪ್ಪ ತಂತಿ,
ಪುಟ್ಟ ಕೈಗಳು ಅಷ್ಟು ದೂರ ಹೋಗುವುದಿಲ್ಲ.
ಮರೆತೆನೋ, ಕೈ ಏಳಲಿಲ್ಲವೋ.
ಬಿಲ್ಲಿನಲ್ಲಿ ಮಾತ್ರ ಏಳೆಂದೇ ಬರೆದೆ.

ಮುನೀರಾ ಬಂದರು, ನಿಂತುಕೊಂಡೇ
ಎಡಗೈಯಿಂದ ಅದೊಂದನ್ನೇ ಒತ್ತಿದರು,
ಬೇರೆ ಯಾವುದನ್ನೂ ಮುಟ್ಟಲಿಲ್ಲ.
ಸದ್ದು ಮುಗಿಯುವ ತನಕ ಕಾದರು.
ಮುಗಿದ ಮೇಲೂ ಕಾದರು.

ಆಮೇಲೆ ಆರರ ದುಡ್ಡು ಎಣಿಸಿಕೊಟ್ಟರು,
ಜೊತೆಗೊಂದು ಪೊಟ್ಟಣ ಒಣ ಏಪ್ರಿಕಾಟು.